ಮೈಕಿನಲ್ಲಿ ಕೆಂಚವ್ವನ ಹೆಸರು

ಮೈಕು ಒಮ್ಮೆ ಕೀಂ ಎಂದಿತು, ಯಾರೋ ಅದರ ತಲೆಗೆ ಬಡಿದರು, ಮಠದ ಹಿಂದಿನಿಂದ ಸಾರಿನ ಒಗ್ಗರಣೆ ವಾಸನೆ ತೇಲಿ ಬಂತು, ರಾಚವ್ವನಿಗೆ ಹಸಿವಾಗಿದ್ದೂ ಹೌದು, ಆದರೆ ಕಿವಿಯೆಲ್ಲ ಮೈಕಿನ ಕಡೆಗೇ, ಇನ್ನೇನು ಹೆಸರು ಓದುತ್ತಾರೆ, ಶ್ರಾವಣದ ಪುರಾಣಕ್ಕೆ ಇವತ್ತು ಮಂಗಲ, ಕೊನೆಯ ದಿನ, ದಾಸೋಹಕ್ಕೆ ಕೊಟ್ಟವರ ಹೆಸರು ಓದಿ ಮುಗಿಸದೆ ಈ ಮಠದಲ್ಲಿ ಯಾರೂ ಊಟಕ್ಕೆ ಏಳುವ ಹಾಗಿಲ್ಲ. ಪಕ್ಕದಲ್ಲಿ ಕೆಂಚವ್ವ. ಆಕೆಯನ್ನು ಕರೆತಂದವಳು ತಾನೇ, ಹೊಲದಲ್ಲಿ ಜೊತೆಗೆ ಕಸ ತೆಗೆಯುತ್ತ, ಬಾರಬೇ ಪುರಾಣಕ್ಕ, ಮಠದ ಅಜ್ಜಾರ ಮಾತ ಕೇಳಿದ್ರ ಎದಿ ಹಗರ ಆಗತೈತಿ, ಬರಿಗೈಲೆ ಬಂದ್ರ ನಡೀತೈತೇನ ಯಕ್ಕಾ ಎಂದಳು ಕೆಂಚವ್ವ, ಅಯ್ಯ ಶಿವನ, ಅಲ್ಲಿ ಯಾರೂ ಏನೂ ಕೇಳಂಗಿಲ್ಲ ಬಾ — ಸುಳ್ಳೇನಲ್ಲ, ಕೇಳುವುದಿಲ್ಲ, ಓದುತ್ತಾರೆ ಅಷ್ಟೇ. ಬಂದಳು, ಉಗರಗೋಳ ಬಿಟ್ಟು ಕೂಲಿಗೆಂದು ದೊಡವಾಡಕ್ಕೆ ಬಂದ ಹೆಂಗಸು, ಗುರುತಿನವರಿಲ್ಲ, ದಿನಾ ಸಂಜೆ ಕಂಬದ ಬಳಿ ಕೂತು ಕಣ್ಣು ಒರೆಸಿಕೊಂಡಳು, ಮೊನ್ನೆ, ನಾನೂ ಲಿಂಗ ಕಟ್ಟಿಸ್ಕೊಳ್ಳೇನ ಯಕ್ಕಾ ಎಂದು ಕೇಳಿಯೂ ಬಿಟ್ಟಳು, ಹೊಸಬರನ್ನ ಕರಕೊಂಡ ಬರ್ರಿ ಎಂದು ಅಜ್ಜಾರು ಹೇಳುತ್ತಲೇ ಇದ್ದರಲ್ಲ, ರಾಚವ್ವ ಹಿಗ್ಗಿ ಹೀರೇಕಾಯಿ ಆಗಿದ್ದಳು.

ಅದೇ ಸಂಜೆ ಹಿಂದಿನ ಸಾಲಿನ ಅನ್ನಪೂರ್ಣಾ, ನಿನ್ನ ಗೆಳತಿ ಎಷ್ಟ ದಿನಾ ಬರೇ ಉಂಡ ಹೋಗತಾಳವಾ, ನಗುನಗುತ್ತಲೇ ಅಂದದ್ದು, ಮುಳ್ಳು ಹಾಗೇ ಒಳಗುಳಿಯಿತು. ಆ ಮಾತು ಕೆಂಚವ್ವನ ಕಿವಿಗೆ ಬೀಳಬಾರದು — ರಾಚವ್ವ ಮನೆಯಲ್ಲಿದ್ದ ಜೋಳವನ್ನೆಲ್ಲ ಬಳಿದು, ಎರಡು ದಿನ ಒಲೆ ಮುಂದೆ ಬೆಂದು ನೂರಾ ಒಂದು ರೊಟ್ಟಿ ಬಡಿದಳು, ಕಮಿಟಿಯ ಮಹಾದೇವನಿಗೆ, ಕೆಂಚವ್ವನ ಹೆಸರಲೇ ಬರಕೊಳ್ರಿ ಎಂದಳು, ಆಕೆಗೆ ಹೇಳಲಿಲ್ಲ, ಒಮ್ಮೆಲೇ ಕೇಳಿ ಖುಷಿಯಾಗಲಿ ಅಂತ, ಖುಷಿಗೇ ತಾನೆ? ಅನ್ನಪೂರ್ಣಾಳ ಬಾಯಿ ಮುಚ್ಚಿಸಲಿಕ್ಕೋ, ರಾಚವ್ವ ಕರೆತಂದವಳು ತೂಕದವಳು ಎನ್ನಿಸಿಕೊಳ್ಳಲಿಕ್ಕೋ, ಥೂ, ಈಗ ಯಾಕೆ ಇದೆಲ್ಲ. ಗಂಡ ದುಂಡಪ್ಪ ಇದ್ದಾಗ ಒಂದು ವರ್ಷ ಹತ್ತಿ ಚೆನ್ನಾಗಿ ಬಂದು ಒಂದು ಡಬ್ಬಿ ಎಣ್ಣೆ ಕೊಟ್ಟ, ಹೆಸರು ಓದಿದರು, ಮೀಸೆ ತಿರುವಿದ, ಮರುವರ್ಷ ಕಮಿಟಿಯವರು ಬಾಗಿಲಿಗೇ ಬಂದರು, ನಿಮ್ಮದು ಎಣ್ಣಿ ಐತ್ರಿ, ಅದರ ಮರುವರ್ಷವೂ, ಓದಿದ ಹೆಸರು ಅಂಟಿದ ಹೆಸರು, ಆತ ತೀರಿದ ಮೇಲೆ ಕೊಡಲಾಗದೆ ಆ ಹೆಸರು ಬಿಟ್ಟು ಓದಿದ ದಿನ ಇದೇ ಜಮಖಾನೆ ಮೇಲೆ ತಲೆ ತಗ್ಗಿಸಿ ಕೂತವಳು ತಾನೇ, ಗೊತ್ತಿದ್ದೂ, ಇಷ್ಟೆಲ್ಲ ಗೊತ್ತಿದ್ದೂ ಯಾಕೆ —

ಕೆಂಚವ್ವ ತಾಯಿ, ನೂರಾ ಒಂದ ರೊಟ್ಟಿ! ಮಹಾದೇವನ ಗಂಟಲು, ಚಪ್ಪಾಳೆ, ಬರೋ ವರ್ಷನೂ ಇವರದ ಸೇವಾ, ಬರ್ರಿ ತಾಯಿ, ಅಜ್ಜಾರ ಆಶೀರ್ವಾದ ತಗೋರಿ. ಬೇರೆ ಯಾವಳೋ ಕೆಂಚವ್ವ ಇರಬೇಕೆಂದು ಆಕೆ ಸುತ್ತ ನೋಡಿದಳು, ಆಮೇಲೆ ರಾಚವ್ವನನ್ನು ನೋಡಿದಳು, ಸೆರಗಿನೊಳಗೆ ಕೈ ಒತ್ತಿಕೊಂಡು ಎದ್ದಳು, ಅಜ್ಜಾರ ಕಡೆಗಲ್ಲ, ಬಾಗಿಲ ಕಡೆಗೆ. ರಾಚವ್ವ ಬರಿಗಾಲಲ್ಲೇ ಹಿಂದೆ ಓಡಿದಳು, ನಿಲ್ಲಬೇ, ನಾನ ಮಾಡಿ ಕೊಟ್ಟೇನಿ, ನಿಂದೇನೂ ಹೋಗಿಲ್ಲ. ಕೆಂಚವ್ವ ತಿರುಗಿದಳು, ಬರೋ ವರ್ಷ ಎಲ್ಲಿಂದ ತರ್ಲಿ ಯಕ್ಕಾ? ಕೈ ಇನ್ನೂ ಸೆರಗಿನೊಳಗೇ, ರಾಚವ್ವ ಕೇಳಿದಳು, ಹೊಟ್ಟಿ ನೋಯಾಕ ಹತ್ತೈತೇನ? ಆಕೆ ಇಲ್ಲ ಎಂದು ತಲೆ ಆಡಿಸಿ ಹೊರಗೆ ತೆಗೆದಳು, ಹಳೆ ಸೀರೆ ತುಂಡಿನ ಗಂಟು, ಐದ ರೊಟ್ಟಿ ಮಾಡ್ಕೊಂಡ ಬಂದಿದ್ದೆ, ನಿನಗೂ ಹೇಳಿರಲಿಲ್ಲ, ನೂರಾ ಒಂದರ ಮುಂದ ಇದನ್ನ ಹೆಂಗ ಇಡ್ಲಿ. ನಡೆದುಬಿಟ್ಟಳು. ಒಳಗೆ ಇನ್ನೂ ಓದುತ್ತಿದ್ದಾರೆ, ಯಾರದೋ ಸಕ್ಕರೆ, ಯಾರದೋ ಬೇಳೆ, ಕರೆದದ್ದು ತಪ್ಪೋ, ಕೊಟ್ಟದ್ದು ತಪ್ಪೋ, ಓದುವುದೇ ತಪ್ಪೋ, ಓಡಿಹೋಗಿ ಆ ಐದನ್ನು ಇಸಿದುಕೊಂಡು ಒಳಗೆ ಇಟ್ಟರೆ, ಐದು ಎಂದು ಓದುತ್ತಾರೆಯೇ, ಓದದಿದ್ದರೆ ಆಕೆ ತಿರುಗಿ ಬರುತ್ತಾಳೆಯೇ, ಆ ಗಂಟು, ಸೆರಗಿನೊಳಗೆ ಮತ್ತೆ ಹೋಗುತ್ತಿರುವ ಆ ಗಂಟು, ಐದು ರೊಟ್ಟಿಯ ಗಂಟು