ಮಂಡಗಿ ದೇವೇಂದ್ರಪ್ಪ

“ಆ ಹೆಸರು ಅಳಸವ್ವಾ.”

ಕಟ್ಟೆಗೆ ಒರಗಿಸಿದ್ದ ಕರಿಹಲಗೆಯ ಮೇಲೆ ‘ಮಂಡಗಿ ದೇವೇಂದ್ರಪ್ಪ ಲಿಂಗೈಕ್ಯ’ ಎಂದು ಬರೆಯುತ್ತಿದ್ದ ಪಕ್ಕದ ಮನೆಯ ಶೀತಲ್ ಟೀಚರ್ ಸುಣ್ಣದ ಕಡ್ಡಿ ತಡೆದು ತಿರುಗಿದಳು. ಹೊಸ್ತಿಲಲ್ಲಿ ಸಿದ್ದಲಿಂಗವ್ವ ನಿಂತಿದ್ದಳು. ಒಳಗೆ ಮಗ್ಗದ ಪಕ್ಕದ ಗೋಡೆಗೆ ಅವಳ ಗಂಡನನ್ನು ವಿಭೂತಿ ಹಚ್ಚಿ ಕೂಡಿಸಿದ್ದರು.

“ಬರೇ ದೇವೇಂದ್ರಪ್ಪ ಅಂದ್ರ ಬೆಟಗೇರ್‍ಯಾಗ ಯಾರಿಗಿ ತಿಳೀತೈತಿ ಅಮ್ಮಾ? ಖರೆ, ಈ ಹೆಸರರ ಯಾಕ ಬಿತ್ತು?”

ಕಟ್ಟೆಯ ಮೇಲಿದ್ದ ಮಲಂಗಸಾಬ ತಲೆಯೆತ್ತಿದ. ದೇವೇಂದ್ರಪ್ಪನ ನೂಲಿಗೆ ನಲವತ್ತು ವರ್ಷ ಬಣ್ಣ ಹಾಕಿದ ಗೆಳೆಯ.

“ಮಂಡಗಿ ದೊಡ್ಡವರ ಮದುವ್ಯಾಗ ಮಾಡ್ತಾರವ್ವಾ. ಡಬ್ಬ ಹಾಕಿದ ಗಡಗಿ ಮ್ಯಾಲ ಕಣಕ ಸೆರಗಿನಂಗ ತೆಳ್ಳಗ ಹಾಸಿ ಬೇಯಿಸೂದು. ಸಕ್ಕರಿ, ತುಪ್ಪ. ನಮ್ಮಂಥವರು ಹಂದರದ ಹೊರಗ ನಿಂತು ವಾಸನಿ ತಗೊಂಡು, ಮನಿಗಿ ಬಂದು ಮನಸಿನ್ಯಾಗ ತಿಂತಿದ್ವಿ. ಹಂಗ ಹುಟ್ಟಿದ ಮಾತಿದು. ಹಗಲಾಗ ಕನಸು ಕಾಣಾವಗ ‘ಮನಸಿನ್ಯಾಗ ಮಂಡಗಿ ತಿಂತಾನ’ ಅಂತಾರ.”

“ಮಗ್ಗದಾಗ ಕುಂತು ಮಂಡಗಿ ತಿಂದು, ಒಂದು ಸೀರಿಗಿ ಎರಡೂ ಕಡೆ ಸೆರಗು ನೇಯ್ದಿದ್ದ!” ಎಂದ ನೇಕಾರ ಪುಂಡಲೀಕಪ್ಪ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತ.

“ನಗಬ್ಯಾಡಲೇ. ಗದಗ ಜಿಲ್ಲಾ ಆಕ್ಕೈತಿ ಅಂತ ಅಂವ ಅಂದಾಗೂ ನಕ್ಕಿದ್ವಿ. ಆತಿಲ್ಲೋ?” ಎಂದ ಮಲಂಗಸಾಬ.

ಸಿದ್ದಲಿಂಗವ್ವ ಮೆಲ್ಲಗೆ ಅಂದಳು: “ಆ ಹೆಸರು ಇಟ್ಟಾಕಿ ನಾನ.”

*

ಮದುವೆಯಾದ ಹೊಸತು. ಎರಡು ದಿನದಿಂದ ಮನೆಯಲ್ಲಿ ಹಿಟ್ಟಿರಲಿಲ್ಲ. ದೇವೇಂದ್ರಪ್ಪ ಖಾಲಿ ಗಂಗಾಳ ಮುಂದಿಟ್ಟು, ಅದರಿಂದ ಏನನ್ನೋ ಮುರಿದವನಂತೆ ಮುರಿದು ಅವಳ ಬಾಯಿಗೆ ಹಿಡಿದ.

“ತಗೋ ಸಿದ್ದೀ, ಮಂಡಗಿ. ತುಪ್ಪ ಸೋರಾಕತ್ತೈತಿ, ಜಲ್ದಿ.”

ಹಸಿದವಳ ಸಿಟ್ಟು ನೆತ್ತಿಗೇರಿತು. ಗಂಗಾಳವನ್ನು ಅಂಗಳಕ್ಕೆ ಬೀಸಿ ಒಗೆದಳು. “ಹೊಟ್ಟಿಗಿ ರೊಟ್ಟಿಲ್ಲ, ಮನಸಿನ್ಯಾಗ ಮಂಡಗಿ ತಿಂತಾನ ನನ್ನ ಗಂಡ!”

ಓಣಿ ನಕ್ಕಿತು. ಅವನೂ ನಕ್ಕ. ಆದರೆ ಮತ್ತೆಂದೂ ಅವಳ ಬಾಯಿಗೆ ತುತ್ತು ಹಿಡಿಯಲಿಲ್ಲ. ಕನಸುಗಳೆಲ್ಲ ಮಲಂಗಸಾಬನ ಬಣ್ಣದ ಭಟ್ಟಿಯ ಕಡೆ ಹೋದವು. ಮನೆಯಲ್ಲಿ ಮಗ್ಗದ ಸದ್ದಷ್ಟೇ ಉಳಿಯಿತು.

*

“ಮಲಂಗಣ್ಣಾ,” ಸಿದ್ದಲಿಂಗವ್ವ ಕಟ್ಟೆಯ ಕಡೆ ತಿರುಗಿದಳು, “ಅವರಿಗೆ ನನ್ನ ಮ್ಯಾಲ ಸಿಟ್ಟಿತ್ತೇನು?”

ಮಲಂಗಸಾಬ ಬಣ್ಣ ಹತ್ತಿದ ತನ್ನ ಉಗುರು ನೋಡಿಕೊಂಡ.

“ಸಿಟ್ಟಿರಲಿಲ್ಲ ತಂಗಿ. ‘ಆಕಿ ಅವತ್ತ ಒಂದು ತುತ್ತು ತಿಂದಿದ್ರ ಸಾಕಿತ್ತು’ ಅಂತಿದ್ದ. ಅಷ್ಟ.”

ಓಣಿಯ ತುದಿಯಲ್ಲಿ ಭಜನೆಯ ತಾಳ ಕೇಳಿಸಿತು. ಹೆಣ ಹೊರುವ ಹೂವಿನ ವಿಮಾನ ಬಂದು ಬಾಗಿಲಿಗೆ ನಿಂತಿತು.

“ಹೆಸರು ಅಳಸ್ಲೇನಮ್ಮಾ?” ಶೀತಲ್ ಕೇಳಿದಳು.

“ಇರ್ಲಿ ಬಿಡವ್ವಾ.”

ಅಯ್ಯನವರು ದೇವೇಂದ್ರಪ್ಪನ ಬಾಯಿಗೆ ತೀರ್ಥ ಬಿಟ್ಟು ಸರಿದರು. ಸಿದ್ದಲಿಂಗವ್ವ ಅಡುಗೆಮನೆಯಿಂದ ಅಂಚು ನೆಗ್ಗಿದ ಗಂಗಾಳ ತಂದು ಗಂಡನ ಮುಂದಿಟ್ಟು ಕುಳಿತಳು. ಅದರಲ್ಲಿ ಏನೂ ಇರಲಿಲ್ಲ. ಎರಡು ಬೆರಳಲ್ಲಿ ಮುರಿದು, ತಣ್ಣಗಾದ ಆ ತುಟಿಗೆ ಮುಟ್ಟಿಸಿದಳು. ಇನ್ನೊಂದು ಚೂರನ್ನು ತನ್ನ ಬಾಯಿಗೆ ಇಟ್ಟುಕೊಂಡು ನಿಧಾನ ಅಗಿದಳು.

ಅಗಿಯುತ್ತ, ಸೋರುವ ತುಪ್ಪಕ್ಕೆ ಗದ್ದದ ಕೆಳಗೆ ಅಂಗೈ ಒಡ್ಡಿದಳು.