ಹುಳು ಮನೆಯ ಮಂಚ

ಇಂಜೆಕ್ಷನ್ ಆಗಿ ಐದು ದಿನಕ್ಕೆ ದೊಡ್ಡವೆಂಕಟಪ್ಪ ಒಂಬತ್ತು ಸಲ ಕುಕ್ಕರುಗಾಲಲ್ಲಿ ಕೂತೆದ್ದಿದ್ದ. ಹೆಂಡತಿ ಅಂಜಮ್ಮ ಲೆಕ್ಕ ಇಟ್ಟಿದ್ದಳು.

ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರೊಳಗಿನ ಸ್ಟೆಮ್ ಸೆಲ್‌ಗಳನ್ನು ಅವನ ಸವೆದ ಮಂಡಿಗೆ ಚುಚ್ಚಿ ಕಳಿಸುವಾಗ ಕೋಲಾರದ ಡಾಕ್ಟರಮ್ಮ ಸುತ್ತಿ ಬಳಸಿ ಹೇಳಿರಲಿಲ್ಲ. "ಸವೆದಿದ್ದು ಮತ್ತೆ ಬೆಳೆದೇ ಬೆಳೆಯುತ್ತೆ ಅಂತ ಮಾತು ಕೊಡಲ್ಲ. ಆರು ವಾರದೊಳಗೆ ಮಂಡಿ ಮಡಚಿ ಭಾರ ಬಿಟ್ರೆ ಮಾತ್ರ ಕೆಟ್ಟೇ ಕೆಡುತ್ತೆ. ಎರಡನೇ ಸಲ ನಾನು ಚುಚ್ಚಲ್ಲ."

ಆದರೆ ಸುಗಟೂರಿನಲ್ಲಿ ಮಂಡಿ ನೋವಿಲ್ಲದ ಮನೆ ಯಾವುದು? ಬನ್ನು ಹಿಡಿದು ನೋಡಲು ಬಂದವರೆಲ್ಲ ಕೇಳುವುದು ಒಂದೇ: "ಕೂರಕ್ಕೆ ಆಗ್ತದಾ ಅಣ್ಣ?" ಇವನು ಗೋಡೆ ಹಿಡಿದು ಕೂತು ತೋರಿಸುವುದು. ಏಳುವಾಗ ಹಲ್ಲು ಕಚ್ಚುತ್ತಿದ್ದುದು ಅಂಜಮ್ಮನಿಗೆ ಮಾತ್ರ ಕಾಣುತ್ತಿತ್ತು.

"ಏನಯ್ಯಾ, ನೀನೇನು ಸರ್ಕಸ್ ಕಂಪನೀನಾ?"

"ಮನೆಗೆ ಬಂದೋರ್ನ ಬರಬೇಡಿ ಅನ್ನಕ್ಕಾಗ್ತದೇನೇ?"

ಅದೂ ನಿಜವೇ. ಕಾಯಿಲೆಯವನನ್ನು ನೋಡಲು ಬಂದವರ ಮುಖಕ್ಕೆ ಬಾಗಿಲು ಹಾಕಿದರೆ, ಸಾಯುವ ತನಕ ಆಡಿಕೊಳ್ಳುತ್ತಾರೆ.

ಆರನೆಯ ಬೆಳಿಗ್ಗೆ ಮಂಡಿ ಊದಿ ಗುಂಡಾಗಿತ್ತು. "ಇನ್ನೂ ಕೆಟ್ಟಿಲ್ಲ, ಇವತ್ತಿಂದಾದ್ರೂ ಮಲಗಿಸಿ" ಎಂದು ಡಾಕ್ಟರಮ್ಮ ಫೋನಿನಲ್ಲೇ ರೇಗಿದರು. ಅಂಜಮ್ಮ ಫೋನಿಟ್ಟಳು. ಮೈದುನನನ್ನು ಕರೆದು, ಗಂಡನ ಮಂಚ ಎತ್ತಿಸಿ, ರೇಷ್ಮೆ ಹುಳು ಮನೆಯೊಳಗೆ ಹಾಕಿಸಿದಳು. ಹುಳುಗಳು ಎರಡನೇ ಜ್ವರ ಮುಗಿಸಿ, ಪೊರೆ ಬಿಟ್ಟು, ಆಗಷ್ಟೇ ಸೊಪ್ಪು ಕಡಿಯತೊಡಗಿದ್ದವು. ಹೊರಗಿನವರ ಕಾಲು ಒಳಗೆ ಬಿದ್ದರೆ ಹುಳುವಿಗೆ ರೋಗ. ಇದನ್ನು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

"ಲೇ, ಇಲ್ಲಿ ಬೀಡಿ ಸೇದಂಗಿಲ್ಲ ಕಣೇ! ಹೊಗೆಗೆ ಹುಳು ಸಾಯ್ತವೆ!"

"ಗೊತ್ತು. ಮಲಿಕ್ಕೋ."

ಮಧ್ಯಾಹ್ನ ಪಕ್ಕದ ಬೀದಿಯ ಮುನಿಶಾಮಮ್ಮ ಬನ್ನು ಹಿಡಿದು ಬಂದಳು. ಹೊಸ್ತಿಲಲ್ಲಿ ಚೆಲ್ಲಿದ್ದ ಬ್ಲೀಚಿಂಗ್ ಪುಡಿ ಕಂಡು ತಾನೇ ನಿಂತಳು. "ಅಯ್ಯೋ, ಹುಳ ಇಟ್ಟಿದ್ದೀರಾ? ಹಂಗಾದ್ರೆ ನಾನು ಒಳಕ್ಕೆ ಬರಲ್ಲಮ್ಮ. ವೆಂಕಟಪ್ಪಣ್ಣ, ಅಲ್ಲಿಂದಲೇ ಒಂದ್ಸಲ ಕೂತು ತೋರ್ಸು!"

ಅವನು ಎದ್ದೇ ಬಿಟ್ಟ. ಆದರೆ ಎರಡು ಕಡೆಯೂ ಹುಳುವಿನ ತಟ್ಟೆಗಳ ಸ್ಟ್ಯಾಂಡು, ನಡುವೆ ಮಂಚ. ಮಂಡಿ ಮಡಚಲು ಒಂದು ಗೇಣೂ ಜಾಗವಿರಲಿಲ್ಲ. ಮುನಿಶಾಮಮ್ಮ ಬನ್ನನ್ನು ಅಂಜಮ್ಮನ ಕೈಗಿಟ್ಟು, ಚೂರೂ ಬೇಜಾರಿಲ್ಲದೆ ಹೊರಟುಹೋದಳು.

"ಹದಿನೈದು ದಿನ ತಾನೇ? ಹುಳ ಗೂಡು ಕಟ್ಟಿದ ಮೇಲೆ ನನ್ನನ್ನ ಯಾರು ಹಿಡೀತಾರೋ ನೋಡ್ತೀನಿ" ಎಂದ ದೊಡ್ಡವೆಂಕಟಪ್ಪ.

"ಮರಿಹುಳಕ್ಕೆ ಆಗಲೇ ಹೇಳಿ ಕಳಿಸಿದ್ದೀನಿ" ಎಂದಳು ಅಂಜಮ್ಮ, ಸೊಪ್ಪು ಹರಡುತ್ತಾ. "ಇನ್ನೊಂದು ಬೆಳೆ ಇಡ್ತೀನಿ."