ಹೆಸರು ಬದಲಾದ ಫೈಲು

ಉಮಾಮಹೇಶ್ವರನಿಗೆ ಧನಶ್ರೀಯನ್ನು ಕಂಡರೆ ಆಗುತ್ತಿರಲಿಲ್ಲ. ಮೈಸೂರಿನಿಂದ ಬಂದು ಕೊಚ್ಚಿಯ ಕಾಕ್ಕನಾಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆದವನು ಮಲಯಾಳವನ್ನು ಅರೆದು ಕುಡಿದಿದ್ದೇನೆಂದು ಬೀಗುತ್ತಿದ್ದ. ಕಾಸರಗೋಡಿನ ಈ ಹುಡುಗಿ ಒಮ್ಮೆ ಎಲ್ಲರೆದುರು ಅವನ ಮಲಯಾಳ ತಿದ್ದಿದಳು. ಅಂದಿನಿಂದ ಹಲ್ಲು ಮಸೆಯುತ್ತಿದ್ದ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದಕ್ಕೆ ಅವನದೇ ಸಹಿ ಬೇಕಿತ್ತು.

೨೦೦೯ರ ಜುಲೈನಲ್ಲಿ ತಿರುವನಂತಪುರದ ಕಚೇರಿಯೊಂದರ ವೆಬ್ ಪುಟದಲ್ಲಿ ಅವಳು ಬರೆದ ಮೆನು ತೆರೆಯದೆ ಹೋಯಿತು. ಜೆಕ್ವೆರಿ ಎಂಬ ಸಿದ್ಧ ಕೋಡಿನ ಹೊಸ ಆವೃತ್ತಿ, ೧.೩.೨, ಇದ್ದರೆ ಮಾತ್ರ ಅದು ನಡೆಯುತ್ತಿತ್ತು. ಇಬ್ಬರೂ ರೈಲು ಹತ್ತಿ ಹೋದರು.

ಅಲ್ಲಿನ ಅಧಿಕಾರಿ ಇಂದುಮತಿ ಮೇಡಂ ಎದುರು ಉಮಾಮಹೇಶ್ವರ ಇಂಗ್ಲಿಷಿನಲ್ಲಿ ಅವಳ ಮಾನ ಹರಾಜು ಹಾಕಿದ. ಇಲ್ಲಿನ ಜೆಕ್ವೆರಿ ಫೈಲಿನ ಹೆಸರಲ್ಲೇ ೧.೩.೨ ಎಂದಿದೆ, ತಪ್ಪೆಲ್ಲ ಇವಳದೇ, ಈ ತಿಂಗಳೇ ಇವಳನ್ನು ಕಳಿಸಿಬಿಡುತ್ತೇವೆ ಎಂದ.

ಧನಶ್ರೀಗೆ ಮೈ ಉರಿಯಿತು. "ಹೆಸರು ನೋಡಿದ್ರೆ ಸಾಲದು ಸರ್, ಫೈಲಿನ ಹತ್ರವೇ ಕೇಳ್ಬೇಕು," ಎಂದವಳೇ ಪುಟದೊಳಗಿನ ಕೋಡು ಪರೀಕ್ಷಿಸುವ ಫೈರ್‌ಬಗ್ ತೆರೆದು, ಆವೃತ್ತಿ ಯಾವುದೆಂದು ಕೇಳುವ jQuery.fn.jquery ಎಂಬ ಸಾಲು ಟೈಪಿಸಿದಳು. ಪರದೆಯ ಮೇಲೆ ಉತ್ತರ ಬಂತು: ೧.೨.೬. ಹಳೆಯದು.

ಸರ್ವರ್ ನೋಡಿಕೊಳ್ಳುವ ಇಸ್ಮಾಯಿಲ್ ಪಕ್ಕದಲ್ಲೇ ನಿಂತಿದ್ದ. "ಸಾರ್ ಫೋನಿಲ್ ಪರಞ್ಞಲ್ಲೋ, ಪೇರು ಮಾಟ್ಟಿಯಾಲ್ ಮತಿ ಎನ್ನು," ಎಂದ. ಹೆಸರು ಬದಲಿಸಿದರೆ ಸಾಕು ಎಂದು ಸಾರೇ ಹೇಳಿದ್ದರಲ್ಲ! ಹೊಸ ಫೈಲು ಹಾಕಿ, ಪುಟದೊಳಗೆ ಅದರ ಹೆಸರು ಬರೆಯಿರಿ ಎನ್ನಬೇಕಿದ್ದ ಮಹಾಶಯ ತನ್ನ ಮುರುಕು ಮಲಯಾಳದಲ್ಲಿ ಅಷ್ಟೇ ಹೇಳಿ ಫೋನಿಟ್ಟಿದ್ದ. ಇಸ್ಮಾಯಿಲ್ ಹಳೆಯ ಫೈಲಿಗೇ ಹೊಸ ಹೆಸರಿಟ್ಟು, ಪುಟದಲ್ಲೂ ಅದನ್ನೇ ಬರೆದಿದ್ದ.

ಉಮಾಮಹೇಶ್ವರ ಇಂಗು ತಿಂದ ಮಂಗನಂತಾದ. ಅಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ಮುಖದ ಮೇಲೊಂದು ನಗೆ ಅಂಟಿಸಿಕೊಂಡು ಕನ್ನಡಕ್ಕೆ ಹೊರಳಿದ.

"ನೋಡಮ್ಮ, ನಾನು ಹಾಗೆ ಹೇಳೇ ಇಲ್ಲ ಅಂತ ಇವ್ರಿಗೆ ಹೇಳ್ಬಿಡು. ತಪ್ಪೆಲ್ಲ ಇಸ್ಮಾಯಿಲ್‌ದು ಅನ್ನು. ಅವನ ಕೆಲಸ ಹೋದ್ರೆ ನಮಗೇನು? ನಾಳೇನೇ ನಿನ್ನ ಪೇಪರಿಗೆ ಸೈನ್ ಹಾಕ್ತೀನಿ."

ಅವಳಿಗೆ ಆಸೆಯಾಯಿತು. ಆಸೆಯಾದದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಯಿತು.

"ಸಾರ್ ಎಂದಾ ಪರಯುನ್ನದ್?" ಇವರೇನು ಹೇಳುತ್ತಿದ್ದಾರೆ ಎಂದು ಇಂದುಮತಿ ಅವಳನ್ನೇ ಕೇಳಿದರು.

ಧನಶ್ರೀ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಹೇಳಿದ್ದಷ್ಟನ್ನೂ, ಸಹಿಯ ಮಾತನ್ನೂ ಸೇರಿಸಿ, ಒಂದಕ್ಷರ ಬಿಡದೆ ಅಚ್ಚ ಮಲಯಾಳದಲ್ಲಿ ಹೇಳಿದಳು.